ದೀಪದ ಬಳೆಯೂ ದೊಡ್ಡಕ್ಕನ ಸಹಿಯೂ

"ಅಕ್ಕಾ, ನನ್ನ ಕೆಲಸ ಖಾಯಂ ಆದ ದಿನ ನಾನೇ ಹೋಗಿ ಎಲ್ಲರ ಮುಂದೆ ಹೇಳ್ತೀನಿ. ಮಗು ಮೇಲಾಣೆ."

ಇಪ್ಪತ್ತೊಂದು ವರ್ಷಗಳ ಹಿಂದೆ, ನಮ್ಮ ಆಸ್ಪತ್ರೆಯ ಆಡಳಿತ ಕಚೇರಿಯಿಂದ ಇಳಿದು ಬರುವ ಮೆಟ್ಟಿಲುಗಳ ಮೇಲೆ, ಒಬ್ಬ ಕಿರಿಯ ದಾದಿ ತನ್ನ ಹಿರಿಯ ದಾದಿಗೆ ಕೊಟ್ಟ ಮಾತಿದು. ಹಿರಿಯರು ಒಂದು ಮೆಟ್ಟಿಲು ಕೆಳಗೆ ನಿಂತು, ಬಿಳಿ ಕೋಟಿನ ಮೇಲಿನ ಗುಂಡಿ ಹಾಕಿಕೊಳ್ಳುತ್ತ, "ಆಣೆ ಗೀಣೆ ಎಲ್ಲ ಬೇಡ. ಮೊದಲು ಆ ಮಗು ನಡೆಯೋದು ಕಲೀಲಿ" ಎಂದಷ್ಟೇ ಹೇಳಿ ಮಧ್ಯಾಹ್ನದ ಪಾಳಿಗೆ ಹೊರಟುಹೋದರು. ಆ ಹಿರಿಯರು ಈ ತಿಂಗಳ ಕೊನೆಯ ದಿನ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ಗೌರವಾರ್ಥ ಹೊರಬರುತ್ತಿರುವ ಈ ಗ್ರಂಥದಲ್ಲಿ ಅವರನ್ನು ಬಲ್ಲವರೆಲ್ಲ ತಮ್ಮ ತಮ್ಮ ಋಣವನ್ನು ನೆನೆದಿದ್ದಾರೆ. ಈ ಲೇಖನವೂ ನೆನೆಯುತ್ತದೆ. ಆದರೆ ಇದರ ಋಣ ಸ್ವಲ್ಪ ಬೇರೆ ಬಗೆಯದು.

ಮಾತು ಕೊಟ್ಟವಳನ್ನು ಮುಂದೆಲ್ಲ ಕಿರಿಯಳು ಎಂದೇ ಕರೆದಿದೆ. ಈಗ ಅವಳ ತಲೆಯೂ ಅರ್ಧ ನೆರೆತಿದೆ, ಕಿರಿಯಳೆನ್ನುವುದು ಬರಿಯ ಅಭ್ಯಾಸ. ಇದನ್ನು ಬರೆಯುತ್ತಿರುವವಳೂ ಅವಳೇ. 'ನಾನು' ಎಂದು ಬರೆಯಲು ಹೊರಟರೆ ಪ್ರತಿ ಸಾಲಿಗೂ ಒಂದೊಂದು ಸಬೂಬು ಅಂಟಿಕೊಂಡು ಬರುತ್ತದೆ. ಆದ್ದರಿಂದ ಸದ್ಯಕ್ಕೆ ಅವಳನ್ನು ಸ್ವಲ್ಪ ದೂರದಲ್ಲಿ ನಿಲ್ಲಿಸಿಕೊಂಡು ಹೇಳುವುದೇ ಒಳ್ಳೆಯದು.

ಮಾನಸಿಕ ಕಾಯಿಲೆಯವರ ಶುಶ್ರೂಷೆಯಲ್ಲಿ ಮೂವತ್ತಾರು ವರ್ಷಗಳನ್ನು ಕಳೆದ, ನಮ್ಮ ಆಸ್ಪತ್ರೆಯಲ್ಲಿ ಜಾಡಮಾಲಿಯಿಂದ ಹಿಡಿದು ಹಿರಿಯ ವೈದ್ಯರವರೆಗೆ ಎಲ್ಲರ ಬಾಯಲ್ಲೂ 'ದೊಡ್ಡಕ್ಕ'ನೆಂದೇ ಆಗಿಹೋದ ಈ ಹಿರಿಯ ಶುಶ್ರೂಷಾಧಿಕಾರಿಯವರ ಸ್ಥಾನ ನಮ್ಮ ವೃತ್ತಿಯಲ್ಲಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಕಷ್ಟವೇನಿಲ್ಲ. ಮನಸ್ಸು ನೆಟ್ಟಗಿರಲೆಂದು ವರ್ಷಗಟ್ಟಲೆ ಮಾತ್ರೆ ನುಂಗುವವರ ಕಣ್ಣನ್ನು ನೋಡುವವರು ಯಾರು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಮೊದಲು ಕೇಳಿದವರು ಅವರು. ಮನೋರೋಗ ವಿಭಾಗದವರು ಕಣ್ಣು ತಮ್ಮ ಕೆಲಸವಲ್ಲವೆಂದು, ಕಣ್ಣಿನ ವಿಭಾಗದವರು ಈ ರೋಗಿಗಳು ತಮ್ಮವರಲ್ಲವೆಂದು ಸುಮ್ಮನಿದ್ದ ಕಾಲದಲ್ಲಿ, ಆ ಎರಡು ವಿಭಾಗಗಳ ನಡುವಿನ ಉದ್ದನೆಯ ಓಣಿಯಲ್ಲಿ ಕಡತಗಳ ಕಟ್ಟನ್ನು ತಾವೇ ಹೊತ್ತು ಓಡಾಡಿದವರೂ ಅವರೇ. ಹೀಗೆ ಓಡಾಡುವ ಪಾಳಿ ಅವರಿಗೆ ಹೇಗೆ ಬಂತು ಎಂಬುದನ್ನು ಈ ಗ್ರಂಥದಲ್ಲಿ ಬೇರೆ ಯಾರೂ ಬರೆದಿರಲಾರರು. ಬರೆಯಬೇಕಾದವಳು ಬಾಯಿ ಮುಚ್ಚಿಕೊಂಡಿದ್ದಳು.

ದೊಡ್ಡಕ್ಕ ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಹೊರರೋಗಿ ವಿಭಾಗಕ್ಕೆ ಬಂದರು. ಆ ಕೋಣೆಗೆ ಎರಡು ಬಾಗಿಲು. ಒಂದರಿಂದ ಸರದಿಯವರು ಒಳಗೆ ಬರುತ್ತಾರೆ, ಇನ್ನೊಂದರಿಂದ ಚೀಟಿ ಹಿಡಿದು ಔಷಧದ ಕಿಟಕಿಗೆ ಹೋಗುತ್ತಾರೆ. ನಡುವೆ ದಾದಿಯ ಮೇಜು, ಅದರಾಚೆ ವೈದ್ಯರ ಮೇಜು. ದಾದಿ ಮೊದಲು ಒಂದು ಪುಟದ ನಮೂನೆ ತುಂಬುತ್ತಾಳೆ: ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಮಾತ್ರೆ ತಪ್ಪಿಸಿದ್ದೀರಾ ಎಂದು ಶುರುವಾಗಿ ಏಳು ಪ್ರಶ್ನೆ. ವೈದ್ಯರು ರೋಗಿಯ ಮುಖಕ್ಕಿಂತ ಹೆಚ್ಚು ಹೊತ್ತು ಆ ಪುಟವನ್ನು ನೋಡುತ್ತಾರೆ. ನೂರು ಜನರ ಸರದಿಯಲ್ಲಿ ಅದು ಅವರ ತಪ್ಪೂ ಅಲ್ಲ. ಹೀಗಾಗಿ ಆ ಪುಟದ ಅಕ್ಷರ ಸ್ಪಷ್ಟವಾಗಿರಬೇಕೆಂಬುದು ದೊಡ್ಡಕ್ಕನ ಹಟವಾಯಿತು. ಹೊಸದಾಗಿ ಬಂದ ದಾದಿಗೆ ಮೊದಲ ವಾರ ಸೂಜಿಯೂ ಇಲ್ಲ, ಮಾತ್ರೆಯೂ ಇಲ್ಲ, ಬರೆಯುವುದೇ ಕೆಲಸ. ಎರಡು ಗೆರೆಗಳ ನಡುವೆ ದುಂಡಗೆ, ಒಂದಕ್ಕೊಂದು ತಾಕದಂತೆ, ಶಾಲೆಯ ಮಕ್ಕಳು ಕಾಪಿ ಬರೆಯುವ ಹಾಗೆ ಬರೆಸುತ್ತಿದ್ದರು. "ನಿನ್ನ ಅಕ್ಷರ ಡಾಕ್ಟ್ರ ಅಕ್ಷರದ ಥರ ಆಗೋಕೆ ನೀನಿನ್ನೂ ಅಷ್ಟು ಓದಿಲ್ಲ ಕಣೇ" ಎನ್ನುತ್ತಿದ್ದರು. ಐದಾರು ವರ್ಷಗಳಲ್ಲಿ ಆ ವಿಭಾಗದ ಎಲ್ಲ ದಾದಿಯರ ಅಕ್ಷರವೂ ಒಂದೇ ಆಗಿಹೋಯಿತು. ಯಾರು ಬರೆದರೂ ದೊಡ್ಡಕ್ಕನೇ ಬರೆದಂತೆ ಕಾಣುತ್ತಿತ್ತು. ದಿನದ ಕೊನೆಗೆ ಎಲ್ಲ ನಮೂನೆಗಳನ್ನೂ ಒಟ್ಟು ಮಾಡಿ, ಕೆಳಗೆ ಅವರೊಬ್ಬರೇ ಸಹಿ ಹಾಕುತ್ತಿದ್ದರು. ಬರೆದವರ ಸಹಿಗೆ ಆಗಿನ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ.

ಅವರ ಮೇಜಿನ ಕೆಳಗಿನ ಖಾನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇರುತ್ತಿತ್ತು. ಬಿಸ್ಕತ್ತು ಸಿಗುತ್ತದೆಂದು ಕೈ ಹಾಕಿದವರೆಲ್ಲ ಪೆಚ್ಚಾಗಿದ್ದಾರೆ; ಅದರೊಳಗೆ ಇದ್ದದ್ದು ಯಾರ್ಯಾರದೋ ಹಳೆಯ ಓದುವ ಕನ್ನಡಕಗಳು. ಕೆಲವು ಮಾತ್ರೆಗಳನ್ನು ಶುರು ಮಾಡಿದ ಹೊಸದರಲ್ಲಿ ಹತ್ತಿರದ ಅಕ್ಷರ ಕಲಸಿದಂತೆ ಕಾಣುತ್ತದೆ. ತನಗೆ ಬುದ್ಧಿಯೇ ಹೋಯಿತೆಂದು ಹೆದರಿ ಮಾತ್ರೆ ಬಿಟ್ಟವರನ್ನು ಅವರು ನೋಡಿದ್ದರು. ಅಂಥವರಿಗೆ ಒಂದು ಕನ್ನಡಕ ಕೊಟ್ಟು, "ಇದು ಸಾಲ, ದಾನ ಅಲ್ಲ. ಕಣ್ಣು ಹೊಂದಿಕೊಂಡ ಮೇಲೆ ವಾಪಸ್ ತನ್ನಿ" ಎನ್ನುತ್ತಿದ್ದರು. ಅದನ್ನು ಮರಳಿಸಲು ಬಂದವರು ಮಾತ್ರೆಗೂ ಬಂದಂತಾಗುತ್ತಿತ್ತು. ಕಣ್ಣಿನ ವಿಷಯ ಅವರ ತಲೆಯಲ್ಲಿ ಆಗಲೇ ಇತ್ತು ಎಂದರೆ ತಪ್ಪಲ್ಲ. ಆದರೆ ಅದು ನಮೂನೆಯಲ್ಲಿ ಇರಲಿಲ್ಲ.

ಕಿರಿಯಳು ಬಂದದ್ದು ಅವರ ಸೇವೆಯ ಹದಿನೈದನೆಯ ವರ್ಷದಲ್ಲಿ. ಪ್ರೊಬೇಷನ್ನಿನ ಕೆಲಸ, ಕಂಕುಳಲ್ಲಿ ಏಳು ತಿಂಗಳ ಹೆಣ್ಣು ಮಗು. ಗಂಡ ದೂರದ ಕಾರ್ಖಾನೆಯಲ್ಲಿ. ಮಗುವನ್ನು ಪಕ್ಕದ ಮನೆಯ ಅಜ್ಜಿಯ ಹತ್ತಿರ ಬಿಟ್ಟು ಬರುವಷ್ಟರಲ್ಲಿ ದಿನವೂ ಹತ್ತು ನಿಮಿಷ ತಡ. ದೊಡ್ಡಕ್ಕ ಹಾಜರಿ ಪುಸ್ತಕದ ಮೇಲೆ ಚಹಾದ ಲೋಟ ಇಟ್ಟುಕೊಂಡು ಕೂತಿರುತ್ತಿದ್ದರು. ಅವಳು ಬಂದು ಸಹಿ ಹಾಕಿದ ಮೇಲೆಯೇ ಅದನ್ನು ಮೇಲ್ವಿಚಾರಕರ ಕೋಣೆಗೆ ಕಳಿಸುವುದು. ತಿಂಗಳುಗಟ್ಟಲೆ ಹೀಗೆ ನಡೆಯಿತು. ಒಂದು ದಿನವೂ ಬಾಯಿಬಿಟ್ಟು ಅಂದವರಲ್ಲ.

ಆ ದಿನಗಳಲ್ಲಿ ನಮ್ಮಲ್ಲಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಒಬ್ಬರು ಬೀದಿದೀಪದ ಲೈನ್‌ಮನ್. ಎಲ್ಲರೂ ದೀಪಣ್ಣ ಎನ್ನುತ್ತಿದ್ದರು. ಹನ್ನೊಂದು ವರ್ಷಗಳಿಂದ ಮಾತ್ರೆಯ ಮೇಲಿದ್ದರು, ಹನ್ನೊಂದು ವರ್ಷಗಳಿಂದ ಒಂದು ದಿನ ಬಿಡದೆ ಕೆಲಸಕ್ಕೆ ಹೋಗಿದ್ದರು. ಕೋಣೆಗೆ ಬಂದ ಕೂಡಲೇ ಕತ್ತೆತ್ತಿ ಮೇಲಿನ ಟ್ಯೂಬ್‌ಲೈಟ್ ನೋಡುವುದು ಅವರ ಅಭ್ಯಾಸ. "ಇದರ ಚೋಕ್ ಹೋಗ್ತಾ ಇದೆ" ಎಂದು ತೀರ್ಪು ಕೊಟ್ಟು, ಸ್ಟೂಲು ಹತ್ತಿ, ಸರಿ ಮಾಡಿಯೇ ಕೂರುತ್ತಿದ್ದರು. ಆಮೇಲೆ ತಮ್ಮ ಸರದಿ.

ಅಂದು ವಾರ್ಡಿನಲ್ಲಿ ಗಲಾಟೆಯಾಗಿ ದೊಡ್ಡಕ್ಕ ಅಲ್ಲಿಗೆ ಓಡಿದ್ದರು. ಮೇಜಿನಲ್ಲಿ ಕಿರಿಯಳೊಬ್ಬಳೇ. ಸರದಿ ಬಾಗಿಲು ದಾಟಿ ಓಣಿಯವರೆಗೆ ನಿಂತಿತ್ತು. ಬೆಳಿಗ್ಗೆ ಮಗುವಿನ ಮೈ ಬಿಸಿಯಿತ್ತು ಎಂಬುದು ನಿಜ; ಆದರೆ ಸಬೂಬು ಬರೆಯುವುದಿಲ್ಲವೆಂದು ಮೇಲೆ ಹೇಳಿಯಾಗಿದೆ. ದೀಪಣ್ಣ ಹೆಂಡತಿಯ ಜೊತೆ ಬಂದು ಕೂತರು. ಅಂದು ಕತ್ತೆತ್ತಿ ಟ್ಯೂಬ್‌ಲೈಟ್ ನೋಡಲಿಲ್ಲ. ಅದು ಅವಳಿಗೆ ಕಾಣಲಿಲ್ಲ.

"ಹೇಗಿದೀರಾ ಅಣ್ಣಾ?"

"ಆರಾಮ್ ಸಿಸ್ಟರ್. ಒಂದೇ ಒಂದು ವಿಷ್ಯ. ಸಂಜೆ ದೀಪ ಹತ್ತಿದ ಮೇಲೆ ಅದರ ಸುತ್ತ ಬಳೆ ಕಾಣ್ತವೆ. ಬಣ್ಣದ ಬಳೆ. ಹೊರಗಡೆ ಕೆಂಪು, ಒಳಗಡೆ ನೀಲಿ."

"ಬೇರೆಯವರಿಗೂ ಕಾಣ್ತವಾ?"

"ಅದೇ ತೊಂದ್ರೆ. ಯಾರಿಗೂ ಕಾಣಲ್ಲ. ಬಲ್ಬೇ ಸರಿ ಇಲ್ಲ ಅನ್ಕೊಂಡೆ. ಬದಲಾಯಿಸ್ದೆ. ಹೊಸದಕ್ಕೂ ಬಳೆ."

ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸದವರು. ಮಾತಿನಲ್ಲೂ ಅದೇ ಬಿಸಿ. "ಹದಿನಾಲ್ಕು ಒಳ್ಳೆ ಬಲ್ಬು ಕಿತ್ತು ಹಾಕಿದಾರೆ ಸಿಸ್ಟರ್, ಹದಿನಾಲ್ಕು! ಆಫೀಸಿನೋರು ನನ್ನ ಕರೆಸಿ, ನಿಮ್ಮ ಯಜಮಾನ್ರಿಗೆ ಮತ್ತೆ ಶುರುವಾಯ್ತಾ ಅಂತ ಕೇಳ್ತಾರೆ. ಮನೇಲಿ ಹುಬ್ಬಿನ ಮೇಲೆ ನೋವು ನೋವು ಅಂತ ಒದ್ದೆ ಬಟ್ಟೆ ಕಟ್ಕೊಂಡು ಕೂತಿರ್ತಾರೆ."

ಆಗ ಕಿರಿಯಳು ಒಂದು ಮಾತು ಹೇಳಿದಳು. ಅವಳಿಗೆ ಈಗಲೂ ಅದು ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಹೊತ್ತಲ್ಲದ ಹೊತ್ತಿನಲ್ಲಿ ಕಿವಿಗೆ ಬೀಳುತ್ತದೆ. "ಏನಣ್ಣಾ, ದೀಪಕ್ಕೂ ಬಳೆ ತೊಡಿಸಿಬಿಟ್ರಾ? ಮದುವೆ ಯಾವಾಗ?"

ಅವಳೂ ಬೆಂಚಿನವರೆಲ್ಲರೂ ನಕ್ಕರು. ದೀಪಣ್ಣನೂ ನಕ್ಕರು, ಒಂದು ಗಳಿಗೆ ತಡವಾಗಿ. ಅವರ ಹೆಂಡತಿ ನಗಲಿಲ್ಲ.

ನಮೂನೆಯ ಆರನೆಯ ಪ್ರಶ್ನೆ: ಇಲ್ಲದ್ದು ಕಾಣುತ್ತದೆಯೇ? ಅದರ ಮುಂದೆ ಅವಳು ದುಂಡಗೆ ಬರೆದಳು: "ಹೌದು. ಬಲ್ಬುಗಳ ಮೇಲೆ ಅನುಮಾನ. ಹೆಂಡತಿಯ ದೂರು ಇದೆ." ಬಳೆ ಎಂದು ಬರೆಯಲಿಲ್ಲ, ಸಂಜೆಯೆಂದು ಬರೆಯಲಿಲ್ಲ. ಹುಬ್ಬಿನ ನೋವಿಗೆ ನಮೂನೆಯಲ್ಲಿ ಜಾಗವಿರಲಿಲ್ಲ, ಅದನ್ನೂ ಬರೆಯಲಿಲ್ಲ. ಕಾಣದ್ದನ್ನು ಕಾಣುವವರ ವಿಭಾಗದಲ್ಲಿ ಕೂತಿದ್ದವಳಿಗೆ, ಒಬ್ಬ ಮನುಷ್ಯ ತನ್ನ ಕಣ್ಣಿನ ತೊಂದರೆಯನ್ನು ಇದ್ದಂತೆಯೇ ಹೇಳುತ್ತಿದ್ದಾನೆ ಎಂದು ಹೊಳೆಯಲಿಲ್ಲ. ಬೇರೆ ಯಾವ ವಿಭಾಗದ ದಾದಿಯಾಗಿದ್ದರೂ ಕಣ್ಣಿನ ಕೋಣೆಗೆ ಕಳಿಸುತ್ತಿದ್ದಳು. ವೈದ್ಯರು ಆ ಸಾಲು ಓದಿ ಹಳೆಯ ಮಾತ್ರೆಯನ್ನು ಹೆಚ್ಚಿಸಿದರು. ಹೆಚ್ಚಿಸಿದ್ದರಿಂದ ಕೈ ನಡುಗದಿರಲೆಂದು ಇನ್ನೊಂದು ಮಾತ್ರೆ ಸೇರಿಸಿದರು. ಸಂಜೆ ದೊಡ್ಡಕ್ಕ ವಾರ್ಡಿನಿಂದ ಸುಸ್ತಾಗಿ ಬಂದು, ನಿಂತುಕೊಂಡೇ ಎಲ್ಲ ನಮೂನೆಗಳಿಗೂ ಸಹಿ ಹಾಕಿ ಮನೆಗೆ ಹೋದರು.

ಹತ್ತೊಂಬತ್ತು ದಿನಗಳಾದ ಮೇಲೆ ದೀಪಣ್ಣನನ್ನು ಇಬ್ಬರು ಹಿಡಿದುಕೊಂಡು ಬಂದರು. ವಾಂತಿ, ತಲೆ ಸಿಡಿಯುವ ನೋವು, ಕೂಗಾಟ. ಹೊರಗೆ ಚೀಟಿ ಬರೆಯುವವರು ಕಡತ ನೋಡಿ, ಇವರು ಅಲ್ಲಿಯವರೇ ಎಂದು ನಮ್ಮ ವಿಭಾಗಕ್ಕೆ ಕಳಿಸಿದ್ದರು. ದೊಡ್ಡಕ್ಕ ಟಾರ್ಚು ಬಿಟ್ಟು ನೋಡಿದರು. ಬಲಗಣ್ಣು ಕೆಂಡದಂತೆ ಕೆಂಪು, ಪಾಪೆ ಅಗಲವಾಗಿ ತೆರೆದೇ ಇದೆ, ಬೆಳಕಿಗೆ ಕುಗ್ಗುತ್ತಿಲ್ಲ. ರೆಪ್ಪೆಯ ಮೇಲೆ ಬೆರಳಿಟ್ಟರೆ ಗೋಲಿಯ ಹಾಗೆ ಗಟ್ಟಿ. ಯಾರನ್ನೂ ಕೇಳದೆ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು, ಆ ಉದ್ದ ಓಣಿಯುದ್ದಕ್ಕೂ ತಾವೇ ತಳ್ಳಿಕೊಂಡು ಓಡಿದರು. ಕಣ್ಣಿನ ವಿಭಾಗದ ಬಾಗಿಲಲ್ಲಿ ಜವಾನ ಅಡ್ಡ ನಿಂತು, "ಚೀಟಿ ಎಲ್ಲಿ ಸಿಸ್ಟರ್?" ಎಂದ.

"ಚೀಟಿ ಆಮೇಲೆ ಬರುತ್ತೆ. ಕಣ್ಣು ಆಮೇಲೆ ಬರಲ್ಲ. ಸರಿ ಅತ್ಲಾಗೆ!"

ಎಡಗಣ್ಣು ಉಳಿಯಿತು. ಬಲಗಣ್ಣು ಉಳಿಯಲಿಲ್ಲ.

ಕಣ್ಣಿನ ವೈದ್ಯರು ಹೇಳಿದ್ದನ್ನು ಕಿರಿಯಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಕಣ್ಣಿನೊಳಗಿನ ನೀರು ಹೊರಗೆ ಹರಿಯಲು ಒಂದು ಸಂದಿ ಇರುತ್ತದೆ, ಕೆಲವರಿಗೆ ಹುಟ್ಟಿನಿಂದಲೇ ಅದು ಕಿರಿದು. ಇಂಥ ಮಾತ್ರೆಗಳಲ್ಲಿ ಕೆಲವು ಪಾಪೆಯನ್ನು ಹಿಗ್ಗಿಸುತ್ತವೆ. ಮಬ್ಬು ಬೆಳಕಿನಲ್ಲಿ ಪಾಪೆ ತಾನಾಗಿಯೇ ಇನ್ನಷ್ಟು ಹಿಗ್ಗುತ್ತದೆ. ಸಂದಿ ಮುಚ್ಚುತ್ತದೆ, ಒತ್ತಡ ಏರುತ್ತದೆ. ಮೊದಮೊದಲು ಬಂದು ಹೋಗುತ್ತದೆ: ಸಂಜೆಯ ಹೊತ್ತು ಹುಬ್ಬಿನ ನೋವು, ದೀಪದ ಸುತ್ತ ಬಣ್ಣದ ಬಳೆ. "ಆ ಬಳೆ ಅನ್ನೋದು ಪಠ್ಯಪುಸ್ತಕದ ಮೊದಲ ಸಾಲು" ಎಂದರು ವೈದ್ಯರು. "ಇವರು ಯಾರಿಗೂ ಹೇಳಲೇ ಇಲ್ವಾ?"

ದೀಪಣ್ಣನ ಹೆಂಡತಿ, ಯಾರ ಹೆಸರೂ ಹಾಕದೆ, ಆಸ್ಪತ್ರೆಯ ಮೇಲೆ ದೂರು ಕೊಟ್ಟರು. ಕೊಡಬೇಕಾದದ್ದೇ. ಆಡಳಿತ ಕಚೇರಿಯಲ್ಲಿ ವಿಚಾರಣೆ ಕೂತಿತು: ಉದ್ದನೆಯ ಮೇಜು, ಮೂವರು, ಬರೆದುಕೊಳ್ಳಲು ಒಬ್ಬ ಗುಮಾಸ್ತರು, ನಡುವೆ ಆ ನಮೂನೆ. ಅಂದು ಕರ್ತವ್ಯದಲ್ಲಿದ್ದವರು ಎಂದು ಕಿರಿಯಳನ್ನೂ ಕರೆಸಿದ್ದರು.

"ಇದನ್ನ ಬರೆದವರು ಯಾರು?"

ಕೇಳಿದ್ದು ಇಬ್ಬರನ್ನೂ. ಆ ಹೊತ್ತಿಗೆ ಸರಿಯಾಗಿ ಗುಮಾಸ್ತರ ಪೆನ್ನಿನ ಮಸಿ ಮುಗಿದಿತ್ತು. ಅವರು ಎದ್ದುಹೋಗಿ ಕಪಾಟಿನ ಬೀಗ ತೆಗೆದು, ಬೇರೆ ಪೆನ್ನು ಹುಡುಕಿ, ರದ್ದಿ ಕಾಗದದ ಮೇಲೆ ಗೀಚಿ ನೋಡಿ, ಬಂದು ಕೂತರು. ಹೇಳಲು ಅಷ್ಟು ಹೊತ್ತು ಇತ್ತು. ಕಿರಿಯಳ ನಾಲಗೆ ಬಾಯಲ್ಲೇ ಇತ್ತು. ಪ್ರೊಬೇಷನ್ನಿನವರ ಮೇಲೆ ಒಂದು ದೂರು ಸಾಬೀತಾದರೆ ಮನೆಗೆ ಕಳಿಸುತ್ತಾರೆಂದು ಅವಳಿಗೆ ಗೊತ್ತಿತ್ತು, ದೊಡ್ಡಕ್ಕನಿಗೂ ಗೊತ್ತಿತ್ತು.

"ಸಹಿ ನಂದು" ಎಂದರು ದೊಡ್ಡಕ್ಕ. "ಅಕ್ಷರಾನೂ ನಂದೇ."

ಅಲ್ಲಿದ್ದ ಯಾವ ಕಡತ ತೆಗೆದು ಹೋಲಿಸಿದರೂ ಹೌದೆನ್ನುವಂತೆಯೇ ಇತ್ತು. ಕಲಿಸಿದವರು ಅವರು ತಾನೆ.

ಅವರಿಗೆ ಲಿಖಿತ ಛೀಮಾರಿಯಾಯಿತು. ಮರುವರ್ಷ ಅವರದೇ ಎಂದು ಎಲ್ಲರೂ ತಿಳಿದಿದ್ದ ಮುಖ್ಯ ಶುಶ್ರೂಷಾಧಿಕಾರಿಯ ಹುದ್ದೆ ಅವರಿಗಿಂತ ಕಿರಿಯರಿಗೆ ಹೋಯಿತು. ಎರಡು ವರ್ಷ ಅವರನ್ನು ಬಟ್ಟೆಯ ಉಗ್ರಾಣಕ್ಕೆ ಹಾಕಿದರು. ಹಾಸಿಗೆ ಹೊದಿಕೆಗಳನ್ನು ಎಣಿಸಿಡುವ ಕೆಲಸ. ಮೆಟ್ಟಿಲ ಮೇಲಿನ ಮಾತು ನಡೆದದ್ದು ವಿಚಾರಣೆಯ ಮಧ್ಯಾಹ್ನವೇ. ಅದಾದ ಹದಿನಾಲ್ಕು ತಿಂಗಳಿಗೆ ಕಿರಿಯಳ ಕೆಲಸ ಖಾಯಮಾಯಿತು. ಅಂದು ಅವಳು ಒಂದು ಪೆಟ್ಟಿಗೆ ಸಿಹಿ ತಂದು ಎಲ್ಲ ವಿಭಾಗಗಳಿಗೂ ಹಂಚಿದಳು, ಕೊನೆಗೆ ಉಗ್ರಾಣಕ್ಕೂ ಹೋದಳು. ದೊಡ್ಡಕ್ಕ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಮಗು ನಡೆಯುತ್ತಾ?" ಎಂದರು. "ನಡೆಯುತ್ತೆ ಅಕ್ಕಾ" ಎಂದಳು. ದೊಡ್ಡಕ್ಕ ಮತ್ತೆ ಹೊದಿಕೆ ಎಣಿಸತೊಡಗಿದರು. ಅವಳು ಖಾಲಿ ಪೆಟ್ಟಿಗೆ ಹಿಡಿದುಕೊಂಡು ವಾಪಸು ಬಂದಳು.

ಬೇರೆ ಯಾರಾಗಿದ್ದರೂ ಆ ಉಗ್ರಾಣದಲ್ಲಿ ಕೂತು ಕಹಿಯಾಗುತ್ತಿದ್ದರು. ದೊಡ್ಡಕ್ಕ ಊಟದ ಬಿಡುವಿನಲ್ಲಿ ಕಣ್ಣಿನ ವಿಭಾಗಕ್ಕೆ ಹೋಗತೊಡಗಿದರು. ದೃಷ್ಟಿ ಪರೀಕ್ಷಿಸುವವರ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ತಮಗಿಂತ ಹದಿನೈದು ವರ್ಷ ಚಿಕ್ಕವರಿಂದ ಪಾಠ ಹೇಳಿಸಿಕೊಂಡರು. ಯಾವ ಮಾತ್ರೆ ವರ್ಷಗಳ ಮೇಲೆ ಕಣ್ಣಿನ ಮಸೂರದಲ್ಲಿ ಸಣ್ಣ ಸಣ್ಣ ಚುಕ್ಕಿ ಕೂರಿಸುತ್ತದೆ, ಯಾವುದು ಹೆಚ್ಚು ಪ್ರಮಾಣದಲ್ಲಿ ಕಣ್ಣಿನ ಹಿಂಪರದೆಯನ್ನೇ ಮುಟ್ಟುತ್ತದೆ, ಯಾವುದು ಬರಿಯ ಕೆಲವು ದಿನ ಓದಲು ತೊಡಕು ಮಾಡಿ ಸುಮ್ಮನಾಗುತ್ತದೆ ಎಂದು ಒಂದು ನೋಟುಪುಸ್ತಕದ ತುಂಬ ಬರೆದುಕೊಂಡರು. ಹಳೆಯ ವಿಭಾಗಕ್ಕೆ ಮರಳಿದ ವಾರವೇ ಏಳು ಪ್ರಶ್ನೆಯ ನಮೂನೆಗೆ ಇನ್ನೊಂದು ಪುಟ ಸೇರಿಸಿದರು. ಅದನ್ನು ನಮ್ಮವರು ಕಣ್ಣಿನ ಪುಟ ಎನ್ನುತ್ತಾರೆ. ಅದರ ಮೊದಲ ಪ್ರಶ್ನೆ: ದೀಪದ ಸುತ್ತ ಬಳೆ ಕಾಣುತ್ತದೆಯೇ? ಅದರ ಕೆಳಗೆ ಅವರೇ ಸೇರಿಸಿದ ಸೂಚನೆ: "ರೋಗಿ ಹೇಳಿದ್ದನ್ನು ರೋಗಿಯ ಮಾತಿನಲ್ಲೇ ಬರೆಯಿರಿ." ಪುಟದ ಕೊನೆಗೆ, ಬರೆದವರ ಸಹಿಗೆ ಜಾಗ.

ಆ ಒಂದು ಪುಟದಿಂದ ಉಳಿದ ಕಣ್ಣುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಇಪ್ಪತ್ತು ವರ್ಷ ಮಾತ್ರೆ ತೆಗೆದುಕೊಂಡಿದ್ದ ಒಬ್ಬ ಶಾಲಾ ಶಿಕ್ಷಕಿಯ ಮಸೂರದಲ್ಲಿ ನಕ್ಷತ್ರದಂತೆ ಚುಕ್ಕಿ ಹರಡಿದ್ದು ಸಕಾಲದಲ್ಲಿ ಗೊತ್ತಾಗಿ, ವೈದ್ಯರು ಔಷಧ ಬದಲಿಸಿದರು. ಮುಸ್ಸಂಜೆ ಮೆಟ್ಟಿಲು ಕಾಣದೆ ಎರಡು ಸಲ ಬಿದ್ದಿದ್ದ ಅಡುಗೆಯವರೊಬ್ಬರನ್ನು ಮನೆಯವರು ಕುಡಿದು ಬಿದ್ದರೆಂದೇ ಬೈಯುತ್ತಿದ್ದರು, ತೊಂದರೆ ಹಿಂಪರದೆಯಲ್ಲಿತ್ತು. ಸುದ್ದಿ ಕೇಳಿ ಹೆದರಿದವರು ಮಾತ್ರೆಯನ್ನೇ ಬಿಡಲು ಹೊರಟಾಗ ದೊಡ್ಡಕ್ಕ ಬೆಂಚಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದರು. "ಯಾರಾದ್ರೂ ಡಾಕ್ಟ್ರನ್ನ ಕೇಳ್ದೆ ಮಾತ್ರೆ ಬಿಟ್ರೆ ಮನೆಗೇ ಬರ್ತೀನಿ, ನೋಡಿ! ಮಾತ್ರೆ ತಗೊಳ್ಳಿ, ಕಣ್ಣು ತೋರಿಸಿ. ಎರಡೂ ನಿಮ್ಮವೇ." ಪ್ರತಿ ಗುರುವಾರ ಕಡತಗಳ ಕಟ್ಟು ಹೊತ್ತು, ಹಿಂದೆ ಹತ್ತು ಹದಿನೈದು ಜನರನ್ನು ಕರೆದುಕೊಂಡು ಅವರು ಓಣಿಯಲ್ಲಿ ಹೊರಟರೆ, ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಂತೆ ಕಾಣುತ್ತಿತ್ತು.

ಬೇರೆ ಆಸ್ಪತ್ರೆಗಳವರು ಆ ಪುಟವನ್ನು ನೋಡಲು ಬಂದರು. ಅಂಥ ಒಂದು ದಿನ ಚಹಾ ಕೊಡುವಾಗ ಅತಿಥಿಗಳಲ್ಲೊಬ್ಬರು ಪಕ್ಕದವರಿಗೆ ಪಿಸುಗುಟ್ಟಿದ್ದು ಕಿರಿಯಳಿಗೆ ಕೇಳಿಸಿತು: "ಆ ಲೈನ್‌ಮನ್ ಕಣ್ಣು ಕಳೆದದ್ದು ಇವರೇ ಅಲ್ವಾ?" ದೊಡ್ಡಕ್ಕನಿಗೂ ಕೇಳಿಸಿತು. ಕಿರಿಯಳು ಲೋಟಕ್ಕೆ ಸಕ್ಕರೆ ಹಾಕಿ ಕದಡಿದಳು. ಕರಗಿದ ಮೇಲೂ ಕದಡುತ್ತಲೇ ಇದ್ದಳು.

ಖಾಯಂ ಆದ ಮೇಲೆ ಹೇಳುತ್ತೇನೆಂದದ್ದು, ಮಗು ಶಾಲೆಗೆ ಸೇರಿದ ಮೇಲೆ ಎಂದಾಯಿತು. ಎರಡನೆಯದು ಹುಟ್ಟಿದ ಮೇಲೆ ಎಂದಾಯಿತು. ಮಾವನವರ ಆಪರೇಷನ್ ಆಗಲಿ, ಗಂಡನ ಕಾರ್ಖಾನೆ ಮತ್ತೆ ತೆರೆಯಲಿ ಎಂದಾಯಿತು. ದುಡಿಯುವ ಮನೆಯಲ್ಲಿ ಹೇಳದಿರಲು ಕಾರಣಗಳಿಗೆ ಬರವಿಲ್ಲ. ಇಷ್ಟು ವರ್ಷದಲ್ಲಿ ದೊಡ್ಡಕ್ಕ ಒಮ್ಮೆಯೂ ನೆನಪಿಸಲಿಲ್ಲ. ನೆನಪಿಸಿದ್ದರೆ ಜಗಳವಾದರೂ ಆಗುತ್ತಿತ್ತು. ಅವಳಿಗೆ ಅಷ್ಟು ಸುಲಭವಾಗಲಿಲ್ಲ.

ಈ ಗ್ರಂಥದ ಸಂಪಾದಕ ಸಮಿತಿಯ ಪರವಾಗಿ ದಾಖಲೆ ಕೋಣೆಯ ಗುಮಾಸ್ತರು ಬಂದು, "ನೀವು ಅವರ ಶಿಷ್ಯೆ. ನಾಕು ಒಳ್ಳೆ ಮಾತು ಬರೆದುಕೊಡಿ, ಜೊತೆಗೊಂದು ಫೋಟೋ" ಎಂದರು. ಅವಳು ಬರೆದಳು. ಕರುಣಾಮಯಿ, ಕರ್ತವ್ಯನಿಷ್ಠೆ, ದಾರಿದೀಪ, ಎಲ್ಲ ಬಂದವು. ಅಂದಿನ ಏಳು ತಿಂಗಳ ಮಗು ಈಗ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಅದನ್ನು ಓದಿ, "ಅಮ್ಮಾ, ಇದು ಯಾರ ಬಗ್ಗೆ?" ಎಂದಳು. "ಇದರಲ್ಲಿ ಎಲ್ಲರೂ ಒಳ್ಳೆಯವರೇ ಇದಾರಲ್ಲ!" ಅವಳು ಅಂದದ್ದು ತಮಾಷೆಗೆ. ಕಿರಿಯಳು ಆ ಹಾಳೆಗಳನ್ನು ಒಲೆಯ ಪಕ್ಕ ಇಟ್ಟು, ಮಗಳಿಗೆ ಎಲ್ಲವನ್ನೂ ಹೇಳಿದಳು. ಮಗಳು ಕಟ್ಟೆಯಿಂದ ಇಳಿದಳು. ಆಮೇಲೆ, "ನನ್ನ ಮೇಲೆ ಆಣೆ ಇಟ್ಟಿದ್ದಾ?" ಎಂದು ಮಾತ್ರ ಕೇಳಿದಳು.

ಹೋದ ಶನಿವಾರವಲ್ಲ, ಅದರ ಹಿಂದಿನ ಶನಿವಾರ ಕಿರಿಯಳು ಬೀದಿದೀಪದವರ ಉಗ್ರಾಣಕ್ಕೆ ಹೋದಳು. ಒಂದು ಕಣ್ಣಿನವರನ್ನು ಏಣಿ ಹತ್ತಿಸುವುದಿಲ್ಲವೆಂದು ದೀಪಣ್ಣನನ್ನು ಅಂದಿನಿಂದ ಅಲ್ಲೇ ಕೂರಿಸಿದ್ದಾರೆ. ಮುಂದೆ ಹಲಗೆಗೆ ಜೋಡಿಸಿದ ಹೋಲ್ಡರುಗಳು. ಬಂದ ಬಲ್ಬನ್ನೆಲ್ಲ ಒಂದೊಂದಾಗಿ ಹಚ್ಚಿ ನೋಡಿ ಒಳಗೆ ಕಳಿಸುವುದು ಕೆಲಸ. ಮಧ್ಯಾಹ್ನದ ಡಬ್ಬಿ ತಂದಿದ್ದ ಹೆಂಡತಿ ಪಕ್ಕದಲ್ಲೇ ಇದ್ದರು. ಕಿರಿಯಳು ನಿಂತುಕೊಂಡೇ ಹೇಳಿದಳು. ಬರೆದದ್ದು ತಾನೆಂದಳು, ವಿಚಾರಣೆಯಲ್ಲಿ ಬಾಯಿ ಬಿಡಲಿಲ್ಲವೆಂದಳು.

ದೀಪಣ್ಣ ಒಂದು ಬಲ್ಬು ತಿರುಗಿಸಿ ಹಚ್ಚಿದರು, ಆರಿಸಿದರು. "ನಂಗೆ ಗೊತ್ತಲ್ಲ ಸಿಸ್ಟರ್."

"ಗೊತ್ತಾ?"

"ನೀವು ಬರೀವಾಗ ಎದುರಿಗೆ ಕೂತಿದ್ದೋನು ನಾನೇ ತಾನೆ? ಎರಡು ಕಣ್ಣೂ ಇತ್ತು ಆಗ. ಬಳೆ ಅಂತ ನಕ್ಕಿದ್ದೂ ನೀವೇ, ಬರೆದಿದ್ದೂ ನೀವೇ. ದೊಡ್ಡಕ್ಕ ಅಲ್ಲಿರಲೇ ಇಲ್ಲ."

"ಮತ್ತೆ ಹೇಳಲಿಲ್ಲ ಯಾಕಣ್ಣಾ?"

"ದೊಡ್ಡಕ್ಕನಿಗೆ ಹೇಳ್ದೆ, ನೀವು ಬರೆದಿಲ್ಲ, ಆ ಚಿಕ್ಕ ಸಿಸ್ಟರ್ ಬರೆದಿದ್ದು ಅಂತ. ಅವರಂದ್ರು, ಯಾರಾದ್ರೂ ನಿಮ್ಮನ್ನ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳಿ, ನಾನು ಬೇಡ ಅನ್ನಲ್ಲ ಅಂತ." ಇನ್ನೊಂದು ಬಲ್ಬು ಹಚ್ಚಿದರು. "ಯಾರೂ ಕೇಳ್ಲಿಲ್ಲ. ನನ್ನಂಥೋನು ಕಂಡಿದ್ದನ್ನ ಯಾರು ನಂಬ್ತಾರೆ ಅನ್ಕೊಂಡ್ರೋ ಏನೋ."

ವಿಚಾರಣೆಯ ಮೂವರೂ ಅವರನ್ನಾಗಲಿ ಅವರ ಹೆಂಡತಿಯನ್ನಾಗಲಿ ಕರೆಸಿರಲಿಲ್ಲ. ಇಪ್ಪತ್ತೊಂದು ವರ್ಷಗಳಲ್ಲಿ ಈ ಮಾತು ಕಿರಿಯಳಿಗೂ ಒಮ್ಮೆಯೂ ಹೊಳೆದಿರಲಿಲ್ಲ. ತನ್ನ ಗುಟ್ಟು ಬಲ್ಲವರು ಇಬ್ಬರೇ ಎಂದು ಅವಳು ಎಣಿಸಿದ್ದಳು. ಎದುರಿಗೆ ಕೂತಿದ್ದವರನ್ನು ಅವಳೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ದೀಪಣ್ಣನ ಹೆಂಡತಿ ಡಬ್ಬಿಯ ಮುಚ್ಚಳ ಹಾಕಿದರು. "ಹದಿನಾಲ್ಕು ಬಲ್ಬಿಗೆ ಇವರ ಹತ್ರ ಆಫೀಸಿನೋರು ವಿವರಣೆ ಬರೆಸ್ಕೊಂಡ್ರು. ಆಸ್ಪತ್ರೆಯಿಂದ ಬಂದ ಮೇಲೂ ಬಿಡಲಿಲ್ಲ. ಒಂದು ಕಣ್ಣಲ್ಲಿ ನೋಡ್ಕೊಂಡು ಬರೆದ್ರು. ನಿಮ್ಮ ಹತ್ರ ಯಾರೂ ಬರೆಸ್ಕೊಳ್ಳಲಿಲ್ಲ, ಅಲ್ವಾ?"

"ಈಗ ಬರೀತಿದೀನಿ" ಎಂದಳು ಕಿರಿಯಳು.

"ಬರೀರಿ" ಎಂದರು ಅವರು. ಕೂರಿ ಎನ್ನಲಿಲ್ಲ.

ಅಲ್ಲಿಂದ ಅವಳು ನೇರ ದೊಡ್ಡಕ್ಕನ ಹತ್ತಿರ ಹೋದಳು. ಅವರು ಮೇಜಿನ ಖಾನೆಗಳನ್ನು ಖಾಲಿ ಮಾಡುತ್ತಿದ್ದರು. ಗ್ರಂಥದಲ್ಲಿ ಏನು ಬರೆಯಲಿದ್ದೇನೆಂದು ಹೇಳಿದಾಗ ಅವರು ಬೇಡವೆನ್ನಲಿಲ್ಲ, ಬೆನ್ನೂ ತಟ್ಟಲಿಲ್ಲ. ಕುರ್ಚಿಯಲ್ಲಿ ಕೂತು, "ಅವತ್ತು ನಲವತ್ತಮೂರು ನಮೂನೆಗೆ ಸಹಿ ಹಾಕಿದ್ದೆ ಕಣೇ, ಒಂದನ್ನೂ ಓದ್ದೆ" ಎಂದರು. "ಓದಿದ್ರೆ ಕೇಳ್ತಿದ್ದೆ. ಅಕ್ಷರ ಚೆನ್ನಾಗಿದ್ರೆ ಸಾಕು ಅಂತ ಕಲಿಸಿದವಳೂ ನಾನೇ. ನಿನ್ನನ್ನ ಕಾಪಾಡೋಕೆ ಅಂತ ಅಕ್ಷರಾನೂ ನಂದೇ ಅಂದ್ನೋ, ನನ್ನ ಪಾಲಿನದು ನಾನು ಹೊತ್ತುಕೊಂಡ್ನೋ, ನಂಗೂ ಸರಿಯಾಗಿ ಗೊತ್ತಿಲ್ಲ. ಇದನ್ನೂ ಬರಿ." ಆಮೇಲೆ ಬಿಸ್ಕತ್ತಿನ ಡಬ್ಬಿಯನ್ನು ಅವಳ ಕೈಗಿಟ್ಟರು. "ಇವು ಇನ್ನು ನಿನ್ನ ಖಾನೇಲಿರಲಿ. ಸಾಲ, ದಾನ ಅಲ್ಲ."

ನಿವೃತ್ತಿಯ ನಂತರವೂ ಗುರುವಾರಗಳಂದು ಬರುತ್ತೇನೆಂದು, ಸಂಬಳವಿಲ್ಲದಿದ್ದರೆ ಹಾಜರಿ ಪುಸ್ತಕದ ಕಾಟವೂ ಇಲ್ಲವೆಂದು ದೊಡ್ಡಕ್ಕ ಹೇಳಿದ್ದಾರೆ. ಆ ಓಣಿ ಅವರ ಚಪ್ಪಲಿಯ ಸದ್ದನ್ನು ಇನ್ನೂ ಬಹುಕಾಲ ಕೇಳಲಿ. ಅವರಿಗೆ ಆಯುಸ್ಸು ಇರಲಿ, ಮೊಣಕಾಲಿಗೆ ಬಲವಿರಲಿ, ನೂರು ತುಂಬಿದ ಮೇಲೂ ಸೂಜಿಗೆ ದಾರ ಪೋಣಿಸುವಂಥ ಕಣ್ಣಿರಲಿ. ಅವರು ಕೂರಬೇಕಾಗಿದ್ದ ಕುರ್ಚಿಯಲ್ಲಿ ಅವರು ಕೂರಲಿಲ್ಲ, ಅದನ್ನು ಯಾವ ಹಾರೈಕೆಯೂ ತಂದುಕೊಡಲಾರದು. ಈ ಲೇಖನದ ಒಂದು ಪ್ರತಿಯನ್ನು ಸಹಿಯೊಂದಿಗೆ ಆಡಳಿತ ಕಚೇರಿಗೆ ಕೊಡಲಾಗಿದೆ; ಅವರ ಸೇವಾ ದಾಖಲೆಯಲ್ಲಿರುವ ಛೀಮಾರಿಯ ಹಾಳೆಯ ಜೊತೆ ಅದನ್ನೂ ಸೇರಿಸಬೇಕೆಂದು ಕೋರಲಾಗಿದೆ. ಇನ್ನೊಂದು ಪ್ರತಿ ದೀಪಣ್ಣನ ಮನೆಗೆ ಹೋಗಿದೆ.

ಆ ನಮೂನೆಯ ಆರನೆಯ ಪ್ರಶ್ನೆಯ ಮುಂದಿನ ಅಕ್ಷರ ದೊಡ್ಡಕ್ಕನದಲ್ಲ. ಬರೆದವಳು ನಾನು. ನಕ್ಕವಳು ನಾನು. ಕೇಳಿದಾಗ ಸುಮ್ಮನಿದ್ದವಳು ನಾನು. ಕೆಲಸ ಖಾಯಮಾದ ದಿನ ಎಲ್ಲರ ಮುಂದೆ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಆ ದಿನ ಹೇಳಲಿಲ್ಲ. ಕೊಟ್ಟ ಮಾತಿಗೆ ತಪ್ಪಿದ್ದೇನೆ.